ವೈಕಿಂಗ್ ಆಟದ ಮಣೆ ಜನವರಿಯಲ್ಲಿ ಸೀಳಿದ್ದೇಕೆ?

ಪ್ರಶ್ನೆ: ನಾನು ಉಡುಪಿಯವನು. ಕೆಲಸದ ನಿಮಿತ್ತ ಸ್ವೀಡನ್ನಿನ ಉಪ್ಸಾಲಾದಲ್ಲಿ ನೆಲೆಸಿದ್ದೇನೆ. ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ವೈಕಿಂಗರ, ಅಂದರೆ ಸುಮಾರು ಸಾವಿರ ವರ್ಷ ಹಿಂದಿನ ಸ್ಕ್ಯಾಂಡಿನೇವಿಯದ ಕಡಲಯಾನಿಗಳ, ಕಾಲದ ಆಟದ ಕಾಯಿಗಳನ್ನು ನೋಡಿದ ಮಗಳು ಹಟ ಹಿಡಿದಳೆಂದು ಹ್ನೆಫಟಾಫ್ಲ್ ಎಂಬ ಅವರ ಆಟದ ಮಣೆಯೊಂದನ್ನು ಕೈಯಿಂದಲೇ ಮಾಡಿದೆ. ಅಂಗಡಿಯಿಂದ ಬರ್ಚ್ ಹಲಗೆಗಳನ್ನು ತಂದು ಪಕ್ಕಪಕ್ಕಕ್ಕೆ ಅಂಟಿಸಿ 40 ಸೆಂಟಿಮೀಟರಿನ ಚೌಕ ಮಾಡಿಕೊಂಡೆ. ಬಾಗದಿರಲೆಂದು ಅಡಿಯಲ್ಲಿ ಎರಡು ಓಕ್ ಪಟ್ಟಿಗಳನ್ನು ಅಡ್ಡಲಾಗಿ ಇಟ್ಟು ಅಂಟು ಹಾಕಿ ಸ್ಕ್ರೂ ಬಿಗಿದೆ. ಸುತ್ತಲೂ ಚೌಕಟ್ಟು ಅಂಟಿಸಿದೆ. 11×11 ಮನೆಗಳನ್ನು ಚಾಕುವಿನಿಂದ ಗೀರಿ, ಅಂಚಿನಲ್ಲಿ ಅವರ ಕಾಲದ ಲಿಪಿಯಾದ ರೂನ್ ಅಕ್ಷರಗಳನ್ನು ಸುಟ್ಟು ಬರೆದು, ಮೇಲ್ಮುಖಕ್ಕೆ ಅಗಸೆ ಎಣ್ಣೆಯನ್ನು ನಾಲ್ಕು ಸಲ ದಪ್ಪಗೆ ಬಳಿದೆ. ಆಗಸ್ಟಿನಲ್ಲಿ ನೋಡಲು ಸೊಗಸಾಗಿತ್ತು. ಜನವರಿಯಲ್ಲಿ ಅಂಚುಗಳು ಮೇಲೆದ್ದು ನಡು ತಗ್ಗಾಯಿತು, ಒಂದು ಬೆಸುಗೆ ಬಾಯಿಬಿಟ್ಟಿತು, ಇನ್ನೊಂದು ಹಲಗೆ ಉದ್ದಕ್ಕೆ ಸೀಳಿತು. ಎಣ್ಣೆ ಇನ್ನೂ ಅಂಟಂಟಾಗಿದೆ. ವೈಕಿಂಗರು ಮರವನ್ನು ಪೈನ್ ಮರದಿಂದ ತೆಗೆದ ಟಾರಿನಲ್ಲಿ ಕುದಿಸುತ್ತಿದ್ದರು, ಅದಕ್ಕೇ ಸೀಳುತ್ತಿರಲಿಲ್ಲ ಎಂದು ಒಬ್ಬರು ಹೇಳಿದರು. ಅಂಟು ಬಳಸಿದ್ದೇ ತಪ್ಪು, ಓಕ್ ಬಿಟ್ಟು ಬೇರೆ ಮರ ಸಲ್ಲದು, 11×11 ಮಾತ್ರವೇ ಸರಿ ಎಂದು ಮತ್ತೊಬ್ಬರು. ಈಗ ಹೊಸದನ್ನು ಮಾಡಬೇಕು. ಕಾಯಿಗಳನ್ನು ಮೂಸ್ ಎಂಬ ಇಲ್ಲಿನ ದೊಡ್ಡ ಜಿಂಕೆಯ ಕೊಂಬಿನಲ್ಲಿ ಕೆತ್ತುವ ಆಸೆಯಿದೆ. ಜೂನ್‌ನಲ್ಲಿ ಊರಿಗೆ ಬರುವಾಗ ಅಪ್ಪ, ಅಮ್ಮನಿಗೆ ಇನ್ನೊಂದನ್ನು ತರಬೇಕೆಂದಿದ್ದೇನೆ. ಎಲ್ಲಿ ತಪ್ಪಿದೆ? ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಮಣೆ ಸೀಳಿದ್ದೇಕೆ ಎಂದು. ಆದರೆ ಪತ್ರದುದ್ದಕ್ಕೂ ಇನ್ನೊಂದು ಅನುಮಾನ ಕಾಣುತ್ತದೆ: ನಾನು ಹಳೆಯ ಪದ್ಧತಿಯನ್ನು ಬಿಟ್ಟೆನೇ, ಅದಕ್ಕೇ ಹೀಗಾಯಿತೇ? ಮೊದಲು ಸೀಳಿದ ಮಾತು ಮುಗಿಸೋಣ. ಆಟದ ಮಣೆ, ಪೆಟ್ಟಿಗೆಗಳನ್ನು ರಿಪೇರಿಗೆ ತರುವವರಲ್ಲಿ ನಾನು ಅತಿ ಹೆಚ್ಚಾಗಿ ಕಾಣುವುದು ಇದೇ ದೋಷವನ್ನು. ಅದು ಬರ್ಚ್ ಮರದ್ದಲ್ಲ, ಅಂಟಿನದ್ದೂ ಅಲ್ಲ. ಮಣೆ ಬಾಗದಿರಲೆಂದು ನೀವು ಬಿಗಿದ ಆ ಎರಡು ಪಟ್ಟಿಗಳದ್ದು ಮತ್ತು ಚೌಕಟ್ಟಿನದ್ದು.

ಮರ ಒಣಗಿದ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಇದು ಮರದ ಎಳೆಯ, ಅಂದರೆ ನಾರಿನ, ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಸಾಕಷ್ಟು. ಬೇಸಿಗೆಯಲ್ಲಿ ಅಂಗಡಿಯಿಂದ ತಂದ ಹಲಗೆಯಲ್ಲಿ ತೂಕದ ಶೇಕಡಾ 12ರಷ್ಟು ತೇವ ಇದ್ದಿರಬಹುದು. ಉಪ್ಸಾಲಾದ ಚಳಿಗಾಲದಲ್ಲಿ ಹೊರಗಿನ ತಣ್ಣನೆಯ ಗಾಳಿಯನ್ನು ಮನೆಯೊಳಗೆ ಬಿಸಿ ಮಾಡಿದಾಗ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 20–30ಕ್ಕೆ ಇಳಿಯುತ್ತದೆ. ಆ ಗಾಳಿಯಲ್ಲಿ ಮರದ ತೇವ ಶೇಕಡಾ 6ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂಗಡಿಯ ಬರ್ಚ್ ಸಾಮಾನ್ಯವಾಗಿ ಮರದ ವಾರ್ಷಿಕ ಉಂಗುರಗಳಿಗೆ ಸಮಾನಾಂತರವಾಗಿ ಕೊಯ್ದದ್ದು. ಅಂಥ 40 ಸೆಂಟಿಮೀಟರ್ ಅಗಲದ ಮಣೆ ಈ ವ್ಯತ್ಯಾಸಕ್ಕೆ ಸುಮಾರು 7 ಮಿಲಿಮೀಟರ್ ಕಿರಿದಾಗುತ್ತದೆ. ಅಡಿಯಲ್ಲಿ ನೀವು ಅಂಟಿಸಿದ ಓಕ್ ಪಟ್ಟಿಯ ಎಳೆ ಮಣೆಗೆ ಅಡ್ಡವಾಗಿರುವುದರಿಂದ ಅದು ಉದ್ದಕ್ಕೆ ಕುಗ್ಗುವುದೇ ಇಲ್ಲ. ಮಣೆಗೆ 7 ಮಿಲಿಮೀಟರ್ ಒಳಗೆ ಸರಿಯಬೇಕು, ಪಟ್ಟಿ ಬಿಡುತ್ತಿಲ್ಲ. ಪಟ್ಟಿ ಹಿಡಿದಿಟ್ಟ ಅಡಿಭಾಗ ಹಾಗೇ ಉಳಿದು ಮೇಲ್ಮುಖ ಮಾತ್ರ ಕುಗ್ಗಿದ್ದರಿಂದ ಅಂಚುಗಳು ಮೇಲೆದ್ದವು. ಉಳಿದ ಎಳೆತವೆಲ್ಲ ಅತಿ ದುರ್ಬಲವಾದ ಜಾಗವನ್ನು ಹುಡುಕಿ ಅಲ್ಲಿ ಸೀಳಿತು. ಚೌಕಟ್ಟೂ ಇದೇ ಜಗಳದಲ್ಲಿ ಪಾಲುಗೊಂಡಿದೆ. ಅದರ ಮೂಲೆಯ ಬೆಸುಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲೂ ಸಂದು ಕಂಡೀತು.

ಅಂಟನ್ನು ದೂರಿದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೇ ದಿಕ್ಕಿನ ಎಳೆಯ ಎರಡು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿದರೆ ಯಾವ ತೊಂದರೆಯೂ ಇಲ್ಲ, ಎರಡೂ ಜೊತೆಯಾಗಿ ಹಿಗ್ಗಿ ಜೊತೆಯಾಗಿ ಕುಗ್ಗುತ್ತವೆ. ಎಳೆಗೆ ಅಡ್ಡವಾಗಿ ಅಂಟಿಸಿದಾಗ ಮಾತ್ರ ಕೆಡುಕು. ಸ್ಕ್ರೂ ಕೂಡ ಅಷ್ಟೇ: ಗುಂಡಗಿನ ತೂತಿನಲ್ಲಿ ಬಿಗಿದರೆ ಅದು ಮಣೆಯನ್ನು ಕಟ್ಟಿಹಾಕುತ್ತದೆ, ಉದ್ದನೆಯ ಸೀಳುತೂತಿನಲ್ಲಿ ಹಾಕಿದರೆ ಸರಿದಾಡಲು ಬಿಡುತ್ತದೆ.

ನಿಮ್ಮ ಊರಿನ ಮನೆಯಲ್ಲಿ ಚೆನ್ನೆಮಣೆ ಇದ್ದರೆ ಅದನ್ನೊಮ್ಮೆ ನೆನಪಿಸಿಕೊಳ್ಳಿ. ಹಲಸಿನದೋ ಬೇರೆ ಯಾವುದೋ ಮರದ ಒಂದೇ ದಪ್ಪ ತುಂಡು, ಅದರಲ್ಲಿ ತೋಡಿದ ಕುಳಿಗಳು, ಅಡ್ಡಪಟ್ಟಿ ಇಲ್ಲ, ಚೌಕಟ್ಟು ಇಲ್ಲ. ಮಳೆಗಾಲದಲ್ಲಿ ಅದು ಹಿಗ್ಗುವುದು ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಅದನ್ನು ತಡೆಯುವವರಿಲ್ಲ. ಅಗಲವೂ ಒಂದು ಗೇಣಿನೊಳಗೇ. ವೈಕಿಂಗ್ ಕಾಲದ ಮಣೆಗಳಲ್ಲಿ ಇಡಿಯಾಗಿ ಉಳಿದು ಬಂದ ಅತ್ಯುತ್ತಮ ಮಣೆಯೂ ಇದೇ ಜಾತಿಯದು.

ಅದು ಐರ್ಲೆಂಡಿನ ವೆಸ್ಟ್‌ಮೀತ್ ಪ್ರಾಂತದ ಬ್ಯಾಲಿಂಡೆರಿ ಎಂಬಲ್ಲಿ, ಸರೋವರದೊಳಗೆ ಕಟ್ಟಿದ್ದ ನೆಲೆಯೊಂದರಲ್ಲಿ 1932ರಲ್ಲಿ ಸಿಕ್ಕಿತು. ಈಗ ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಕಾಲ 10ನೆಯ ಶತಮಾನ, ಮರ ಯೂ ಎಂಬ ಸೂಜಿಯೆಲೆಯ ಜಾತಿ, ಅಗಲ ಸುಮಾರು 25 ಸೆಂಟಿಮೀಟರ್. ಗೆರೆ ಎಳೆದ ಮನೆಗಳಿಲ್ಲ, ಏಳೇಳರಂತೆ 49 ತೂತುಗಳು. ಕಾಯಿಗಳಿಗೆ ಕಾಲಿದ್ದು ಅವು ತೂತಿನಲ್ಲಿ ನಾಟಿಕೊಳ್ಳುತ್ತಿದ್ದವು. ನಡುವಿನ ತೂತಿನ ಸುತ್ತ ವೃತ್ತ, ನಾಲ್ಕು ಮೂಲೆಗಳಲ್ಲಿ ಕಾಲುವೃತ್ತದ ಗುರುತು, ಅಂಚಿನಲ್ಲಿ ಹೆಣೆದಂಥ ಕೆತ್ತನೆ, ಎದುರುಬದುರು ಎರಡು ಕಡೆ ತಲೆಯಾಕಾರದ ಹಿಡಿಗಳು. ಹಿಡಿಗಳನ್ನು ನೋಡಿದರೆ ಮಣೆಯನ್ನು ಇಬ್ಬರ ತೊಡೆಗಳ ಮೇಲೆ ಇಟ್ಟು ಆಡುತ್ತಿದ್ದರೇನೋ ಎನ್ನಿಸುತ್ತದೆ. ಇದು ನನ್ನ ಊಹೆ ಅಷ್ಟೇ. ತೂತಿಗೆ ನಾಟುವ ಕಾಯಿ ಇದ್ದರೆ ಅಲುಗಾಡಿದರೂ ಆಟ ಕೆಡದು. ದೋಣಿಯಲ್ಲಿ ತಿರುಗಾಡುತ್ತಿದ್ದವರಿಗೆ ಅದು ಸಣ್ಣ ಅನುಕೂಲವಲ್ಲ.

ಬ್ಯಾಲಿಂಡೆರಿಯ ಮಣೆ ಐರ್ಲೆಂಡಿನಲ್ಲಿ ಸಿಕ್ಕಿದ್ದು, ನಾರ್ವೆಯಲ್ಲೋ ಸ್ವೀಡನ್ನಿನಲ್ಲೋ ಅಲ್ಲ. ಐರಿಷ್ ಮತ್ತು ನಾರ್ಸ್ (ಸ್ಕ್ಯಾಂಡಿನೇವಿಯದ) ಎರಡೂ ಕೈಗಳು ಕಲೆತ ಕಾಲದ ಕೆಲಸ ಅದು. ನಾರ್ವೆಯ ಗೋಕ್‌ಸ್ಟಾಡ್ ಹಡಗಿನ ಸಮಾಧಿಯನ್ನು 1880ರಲ್ಲಿ ಅಗೆದಾಗ ಎರಡೂ ಮುಖಗಳಲ್ಲಿ ಆಡಬಹುದಾದ ಮಣೆಯೊಂದರ ಚೂರು ಸಿಕ್ಕಿದೆ. ಒಂದು ಮುಖದಲ್ಲಿ ಸಾಲಿಗೆ 13 ಮನೆಗಳು. ಹಿಂಬದಿಯಲ್ಲಿ ಇರುವುದು ನಮ್ಮಲ್ಲಿ ಸಾಲುಮನೆ ಆಟ, ನವಕಂಕರಿ ಎಂದು ಕರೆಯುವ ಅದೇ ಮೂರು ಚೌಕಗಳ ಆಟ. ಹೊಸ ಮಣೆಯ ಹಿಂಬದಿಯಲ್ಲಿ ನೀವು ಅದನ್ನು ಗೀರಿದರೆ ಉಪ್ಸಾಲಾದವರಿಗೂ ಉಡುಪಿಯವರಿಗೂ ಪರಿಚಯದ ಆಟವೊಂದು ಪುಕ್ಕಟೆ ಸಿಕ್ಕಂತೆ.

ಈಗ 11×11 ಮಾತ್ರವೇ ಸರಿ ಎಂಬ ಮಾತಿಗೆ ಬರೋಣ. ಹ್ನೆಫಟಾಫ್ಲ್ ಎಂಬುದು ಒಂದೇ ಆಟವಲ್ಲ, ಒಂದು ಕುಟುಂಬ. ನಡುವಿನಲ್ಲಿ ಒಬ್ಬ ರಾಜ, ಅವನ ಸುತ್ತ ಕಾವಲುಗಾರರು, ಅವರ ಇಮ್ಮಡಿ ಸಂಖ್ಯೆಯ ದಾಳಿಕಾರರು, ಚದುರಂಗದ ಆನೆಯಂತೆ ನೇರ ನಡೆ, ಎರಡು ಬದಿಗಳಿಂದ ಒತ್ತಿ ಕಾಯಿ ಹೊಡೆಯುವುದು. ಇಷ್ಟು ಸಮಾನ, ಮನೆಗಳ ಸಂಖ್ಯೆ ಬೇರೆ ಬೇರೆ. 11×11ಕ್ಕೆ ಆಧಾರವಾಗಿ ಹೇಳುವ ವೇಲ್ಸಿನ ಹಸ್ತಪ್ರತಿ 1587ರದು. ಅಲ್ಲಿ ರಾಜನ ಜೊತೆ 12, ಎದುರಿಗೆ 24. ಅಂದರೆ ವೈಕಿಂಗ್ ಕಾಲ ಮುಗಿದು ಐದು ಶತಮಾನ ಕಳೆದ ಮೇಲಿನದು. 9×9ಕ್ಕೆ ಇರುವ ಸಾಕ್ಷಿ ಇನ್ನೂ ಈಚಿನದು, ಆದರೆ ನಿಯಮಗಳ ದೃಷ್ಟಿಯಿಂದ ಅತ್ಯಂತ ಪೂರ್ಣವಾದದ್ದು: 1732ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿ ಸಂಚರಿಸಿದ ಕಾರ್ಲ್ ಲಿನೇಯಸ್, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರು ಆಡುತ್ತಿದ್ದ ‘ತಬ್ಲುತ್’ ಆಟವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ. ರಾಜನಲ್ಲದೆ ಅವನ ಕಡೆಯವರು 8, ದಾಳಿಕಾರರು 16. ನಿಮ್ಮ ಊರಿನ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಯೇ ಅವನು, ಹಾಗಾಗಿ ನಿಮ್ಮ ಮಣೆಗೆ ಇದಕ್ಕಿಂತ ಹತ್ತಿರದ ಆಧಾರ ಬೇಕಿಲ್ಲ. ಅವನ ದಿನಚರಿ 1811ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದಾಗ ಭಾಷಾಂತರದಲ್ಲಿ ತಪ್ಪುಗಳು ನುಸುಳಿದವು. ಅಲ್ಲಿಂದ ಬಂದ ನಿಯಮಗಳಲ್ಲಿ ಆಡಿದರೆ ರಾಜನ ಕಡೆಯವರೇ ಸುಲಭವಾಗಿ ಗೆಲ್ಲುತ್ತಾರೆ. ಆಟ ಸಪ್ಪೆ ಎನ್ನಿಸಿದರೆ ಮಣೆಯನ್ನು ದೂರಬೇಡಿ, ತಿದ್ದಿದ ನಿಯಮಗಳನ್ನು ಹುಡುಕಿಕೊಳ್ಳಿ.

ಕೆತ್ತನೆಗೆ ಇಳಿಯುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಒಂದಿದೆ. ಲಿನೇಯಸ್ ಕಂಡ ಆಟದಲ್ಲಿ ರಾಜ ಮಣೆಯ ಅಂಚು ತಲುಪಿದರೆ ಗೆದ್ದ. ಇಂದು ಹಲವರು ಆಡುವ ಬಗೆಯಲ್ಲಿ ಮೂಲೆ ತಲುಪಬೇಕು. ಮೂಲೆಗಳನ್ನು ಒಮ್ಮೆ ಕೆತ್ತಿ ಅಲಂಕರಿಸಿದಿರೋ, ಆಡುವವರೆಲ್ಲ ಅಲ್ಲಿಗೇ ಹೋಗಬೇಕೆಂದು ತಿಳಿಯುತ್ತಾರೆ.

ಇನ್ನು ಟಾರ್. ಮರವನ್ನು ಟಾರಿನಲ್ಲಿ ಕುದಿಸಿ ಆಟದ ಮಣೆ ಮಾಡುತ್ತಿದ್ದರು ಎಂಬುದಕ್ಕೆ ನಾನು ಕಂಡ ಆಧಾರ ಯಾವುದೂ ಇಲ್ಲ. ಪೈನ್ ಮರದ ಟಾರ್ ವೈಕಿಂಗ್ ಜಗತ್ತಿನ ದೊಡ್ಡ ಉತ್ಪನ್ನ ಎಂಬುದು ನಿಜ. ನೀವಿರುವ ಉಪ್ಲಾಂಡ್ ಸೀಮೆಯಲ್ಲೇ ಅದನ್ನು ತೆಗೆಯುತ್ತಿದ್ದ ಆಳದ ಗುಂಡಿಗಳು ಸಿಕ್ಕಿವೆ. ಅದು ಬೇಕಾಗಿದ್ದದ್ದು ಹಡಗುಗಳಿಗೆ, ಹಗ್ಗ ಹಾಯಿಗಳಿಗೆ, ಹೊರಗಿನ ಮರಕ್ಕೆ. ಆಟದ ಮಣೆಗೆ ಬಳಿದರೆ ಕೈಗೆ ಮೆತ್ತಿಕೊಳ್ಳುತ್ತದೆ, ತಿಂಗಳುಗಟ್ಟಲೆ ವಾಸನೆ ಹೋಗುವುದಿಲ್ಲ, ಮಕ್ಕಳು ಮುಟ್ಟುವ ವಸ್ತುವಿಗೆ ಹಿತವೂ ಅಲ್ಲ. ಅದಕ್ಕಿಂತ ಮುಖ್ಯ, ಅಡ್ಡಪಟ್ಟಿಯ ಕಟ್ಟನ್ನು ಟಾರ್ ಬಿಡಿಸುವುದಿಲ್ಲ. ಟಾರ್ ಬಳಿದಿದ್ದರೂ ನಿಮ್ಮ ಮಣೆ ಸೀಳುತ್ತಿತ್ತು, ಬಹುಶಃ ಜನವರಿಯ ಬದಲು ಫೆಬ್ರವರಿಯಲ್ಲಿ.

ರೂನ್ ಅಕ್ಷರಗಳ ಬಗ್ಗೆ ಒಂದೇ ಮಾತು. ನಾನು ಹೇಳಿದ ಮಣೆಗಳಲ್ಲಿ ಇಂದಿನ ಅಂಗಡಿಗಳಲ್ಲಿ ಕಾಣುವಂಥ ರೂನ್ ಪಟ್ಟಿ ಇಲ್ಲ. ಬೇಕೇ ಬೇಕೆಂದರೆ ಬರೆಯಿರಿ, ಆದರೆ ವೈಕಿಂಗ್ ಕಾಲದಲ್ಲಿ ಬಳಕೆಯಲ್ಲಿದ್ದದ್ದು 16 ಅಕ್ಷರಗಳ ಮಾಲೆ, ಜಾಲತಾಣಗಳಲ್ಲಿ ಸಿಗುವ 24ರದು ಅದಕ್ಕಿಂತ ಹಳೆಯದು. ಜಗತ್ತಿನಲ್ಲಿ ಅತಿ ಹೆಚ್ಚು ರೂನ್ ಕಲ್ಲುಗಳಿರುವ ಸೀಮೆಯಲ್ಲೇ ನೀವಿದ್ದೀರಿ, ಬಿಸಿಲು ಬಂದ ಮೇಲೆ ಮಗಳನ್ನು ಕರೆದುಕೊಂಡು ಹೋಗಿ ಕಲ್ಲಿನಿಂದಲೇ ನಕಲು ಮಾಡಿಕೊಳ್ಳಿ.

ಹಾಗಾದರೆ ಹಳೆಯವರ ಕೆಲಸದಿಂದ ಕಲಿಯುವುದು ಏನು? ನನ್ನ ಮಟ್ಟಿಗೆ, ಅಲಂಕಾರವಲ್ಲ, ಮರವನ್ನು ತೆಗೆಯುತ್ತಿದ್ದ ಬಗೆ. ಓಕ್ ದಿಮ್ಮಿಯನ್ನು ಅವರು ಬೆಣೆ ಹೊಡೆದು ತಿರುಳಿನಿಂದ ಹೊರಮೈಗೆ, ಕಿತ್ತಳೆಯ ತೊಳೆ ಬಿಡಿಸಿದ ಹಾಗೆ, ಸೀಳುತ್ತಿದ್ದರು. ಗರಗಸ ಗೊತ್ತಿರಲಿಲ್ಲ ಎಂದಲ್ಲ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಮ್ಯಾಸ್ಟರ್‌ಮ್ಯೂರ್ ಜೌಗಿನಲ್ಲಿ 1936ರಲ್ಲಿ ಸಿಕ್ಕ ಕುಶಲಕರ್ಮಿಯ ಪೆಟ್ಟಿಗೆಯಲ್ಲಿ ಕೊಡಲಿ, ಬಾಚಿ, ಅರ, ಚಮಚದ ಬಾಯಿಯ ಬೈರಿಗೆಗಳ ಜೊತೆ ಗರಗಸಗಳೂ ಇದ್ದವು. ಆದರೆ ಹಲಗೆ ತೆಗೆಯಲು ಅವರು ನಂಬಿದ್ದು ಬೆಣೆ ಮತ್ತು ಕೊಡಲಿಯನ್ನು. ಸೀಳಿದ ಹಲಗೆಯಲ್ಲಿ ಎಳೆ ಎಲ್ಲೂ ತುಂಡಾಗುವುದಿಲ್ಲ, ವಾರ್ಷಿಕ ಉಂಗುರಗಳು ಹಲಗೆಯ ಮುಖಕ್ಕೆ ಲಂಬವಾಗಿ ನಿಲ್ಲುತ್ತವೆ. ಉಂಗುರಕ್ಕೆ ಅಡ್ಡವಾಗಿ, ಅಂದರೆ ತಿರುಳಿನಿಂದ ಹೊರಕ್ಕೆ, ಮರ ಕುಗ್ಗುವುದು ಉಂಗುರದ ಉದ್ದಕ್ಕೆ ಕುಗ್ಗುವುದರ ಸುಮಾರು ಅರ್ಧದಷ್ಟು. ಹೀಗೆ ಸೀಳಿದ ಓಕ್‌ನ 25 ಸೆಂಟಿಮೀಟರ್ ಮಣೆ ನಿಮ್ಮ ಮನೆಯಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ನಡುವೆ ಹೆಚ್ಚೆಂದರೆ 3 ಮಿಲಿಮೀಟರ್‌ನಷ್ಟು ಆಚೀಚೆಯಾದೀತು, ಬಾಗುವುದಂತೂ ಅಪರೂಪ. ಓಕ್‌ಗೆ ಹೆಸರು ಬಂದದ್ದು ಅದು ನೇರವಾಗಿ ಸೀಳುತ್ತದೆ ಮತ್ತು ಕೆಚ್ಚು ಬಾಳಿಕೆ ಬರುತ್ತದೆ ಎಂಬುದಕ್ಕೆ. ಬರ್ಚ್ ಸಲ್ಲದು ಎನ್ನುವ ಕಾರಣ ನನಗೆ ಕಾಣುವುದಿಲ್ಲ. ಅದು ಇನ್ನೊಂದಿಷ್ಟು ಹೆಚ್ಚು ಕದಲುತ್ತದೆ, ಅಷ್ಟೇ.

ಈಗ ನಿಮ್ಮ ಮುಂದಿರುವ ದಾರಿಗಳು.

ಸೀಳಿದ ಮಣೆಯನ್ನು ಎಸೆಯಬೇಡಿ. ಚೌಕಟ್ಟನ್ನು ಬಿಚ್ಚಿ, ಅಡ್ಡಪಟ್ಟಿಗಳನ್ನು ಉಳಿಯಿಂದ ಎಬ್ಬಿಸಿ ತೆಗೆಯಿರಿ. ಸೀಳಿಗೆ ಈಗಲೇ ಮರದ ಪುಡಿ, ಪುಟ್ಟಿ ತುಂಬಬೇಡಿ. ಚಳಿಗಾಲದಲ್ಲಿ ತುಂಬಿದ ಸಂದು ಬೇಸಿಗೆಯಲ್ಲಿ ಮರ ಹಿಗ್ಗಿದಾಗ ಮುಚ್ಚಿಕೊಳ್ಳಲು ಜಾಗವಿಲ್ಲದೆ ಪಕ್ಕದಲ್ಲಿ ಹೊಸ ಸೀಳನ್ನು ಹುಟ್ಟಿಸುತ್ತದೆ. ಕಟ್ಟು ಬಿಡಿಸಿ ಕೆಲವು ವಾರ ಎರಡೂ ಮುಖಕ್ಕೆ ಗಾಳಿ ತಾಗುವಂತೆ ನಿಲ್ಲಿಸಿ. ಬಾಗು ಬಹುಮಟ್ಟಿಗೆ ತಾನೇ ಇಳಿಯುತ್ತದೆ. ಆಮೇಲೆ ಸೀಳಿದ ಕಡೆ ಉದ್ದಕ್ಕೂ ಕತ್ತರಿಸಿ, ಅಂಚು ಕೀಸಿ, ಮತ್ತೆ ಅಂಟಿಸಿ. ಒಂದು ಸಾಲು ಮನೆಗಳು ಕಿರಿದಾಗುತ್ತವೆ. ಅದು ಸಹಿಸಲಾಗದಿದ್ದರೆ ಮಣೆಯನ್ನೇ ಎರಡೂ ದಿಕ್ಕಿನಲ್ಲಿ ಎರಡೆರಡು ಸಾಲು ಕತ್ತರಿಸಿ 9×9 ಮಾಡಿಕೊಳ್ಳಬಹುದು. ಪಟ್ಟಿ ಮತ್ತೆ ಬೇಕೆಂದರೆ ನಡುವಿನ ಸ್ಕ್ರೂವನ್ನು ಮಾತ್ರ ಬಿಗಿಯಾಗಿಡಿ, ಆಚೀಚೆಯವಕ್ಕೆ ಉದ್ದ ತೂತು ಕೊಡಿ, ಅಂಟು ಬೇಡವೇ ಬೇಡ.

ಹೊಸದಕ್ಕೆ ನನ್ನ ಸಲಹೆ ಬ್ಯಾಲಿಂಡೆರಿಯ ಹಾಗೆ ತೂತಿನ ಮಣೆ, ಲಿನೇಯಸ್ ಹೇಳಿದ 9×9 ಲೆಕ್ಕದಲ್ಲಿ. 25 ಸೆಂಟಿಮೀಟರ್ ಚೌಕ, 2 ಸೆಂಟಿಮೀಟರ್ ದಪ್ಪ. ತೂತಿನಿಂದ ತೂತಿಗೆ 25 ಮಿಲಿಮೀಟರ್ ಇಟ್ಟರೆ ಎಂಟು ಅಂತರಕ್ಕೆ 20 ಸೆಂಟಿಮೀಟರ್ ಹೋಗಿ ಸುತ್ತಲೂ ಎರಡೂವರೆ ಸೆಂಟಿಮೀಟರ್ ಅಂಚು ಉಳಿಯುತ್ತದೆ, ಕೆತ್ತನೆಗೆ ಅಷ್ಟು ಸಾಕು. ತೂತು 6 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ಆಳ, ಕಾಯಿಯ ಕಾಲು ಐದೂವರೆ ಮಿಲಿಮೀಟರ್. ಆ ಅರ್ಧ ಮಿಲಿಮೀಟರ್ ಸಡಿಲವನ್ನು ಉಳಿಸಬೇಡಿ ಎಂದು ಕೈ ಹೇಳುತ್ತದೆ, ಕೇಳಬೇಡಿ. ಉಡುಪಿಯ ಮಳೆಗಾಲದಲ್ಲಿ ಅದೇ ನಿಮ್ಮನ್ನು ಕಾಯುತ್ತದೆ. ಬೈರಿಗೆಗೆ ಆಳದ ಗುರುತಾಗಿ ಒಂದು ಬಟ್ಟೆಚೂರನ್ನು ಸುತ್ತಿಕೊಂಡರೆ ಮಣೆ ತೂತಾಗಿ ಹಿಂಬದಿಗೆ ಬರುವುದಿಲ್ಲ.

ಮರವನ್ನು ನೀವೇ ಸೀಳುವ ಆಸೆಯಿದ್ದರೆ ಒಂದು ಲೆಕ್ಕ ನೆನಪಿರಲಿ. ತಿರುಳಿನ ಭಾಗವನ್ನೂ ಹೊರಗಿನ ಬಿಳಿ ಮರವನ್ನೂ ಬಿಟ್ಟು 25 ಸೆಂಟಿಮೀಟರ್ ಅಗಲ ಸಿಗಬೇಕೆಂದರೆ ದಿಮ್ಮಿಯ ವ್ಯಾಸ 60 ಸೆಂಟಿಮೀಟರಿಗಿಂತ ಹೆಚ್ಚಿರಬೇಕು. ವೈಕಿಂಗರ ಬಳಿ ಅಂಥ ಮುದಿ ಓಕ್‌ಗಳಿದ್ದವು, ನಿಮಗೆ ಸಿಗುವುದು ಕಷ್ಟ. ಆದ್ದರಿಂದ ಸೌದೆಗೆಂದು ಮಾರುವ ನೇರ ಎಳೆಯ ಓಕ್ ತುಂಡುಗಳಲ್ಲಿ 13 ಸೆಂಟಿಮೀಟರ್ ಅಗಲದ ಎರಡು ಹೋಳು ಬರುವಂಥದ್ದನ್ನು ಆರಿಸಿ, ಅಂಚಿಗೆ ಅಂಚು ಸೇರಿಸಿ ಅಂಟಿಸಿ. ಅಂಟಿಸಿದ್ದಕ್ಕೆ ಯಾವ ವೈಕಿಂಗನೂ ಎದ್ದು ಬಂದು ಕೇಳುವುದಿಲ್ಲ. ಹಸಿ ಓಕ್ ಆದರೆ ಒಂದು ಅಂಗುಲ ದಪ್ಪಕ್ಕೆ ನೆರಳಿನಲ್ಲಿ ಸುಮಾರು ಒಂದು ವರ್ಷ ಒಣಗಬೇಕು. ಕತ್ತರಿಸಿದ ತುದಿಗಳಿಗೆ ಮೇಣ ಬಳಿಯದಿದ್ದರೆ ಅಲ್ಲಿಂದಲೇ ಸೀಳುತ್ತದೆ. ಜೂನ್‌ಗೆ ಅದು ಆಗದ ಮಾತು. ಈಗಿನ ಕೆಲಸಕ್ಕೆ ಉಂಗುರಗಳು ಲಂಬವಾಗಿ ಕಾಣುವ ಒಣ ಹಲಗೆಯನ್ನು ತುದಿ ನೋಡಿ ಆರಿಸಿ ಕೊಳ್ಳಿ, ಹಸಿ ಓಕನ್ನು ಮುಂದಿನ ವರ್ಷದ ಮಣೆಗೆ ಒಣಗಲು ಇಡಿ. ಕೊಂಡ ಹಲಗೆಯನ್ನೂ ಮನೆಯೊಳಗೆ ಇಟ್ಟು ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಉಳಿ ಹಿಡಿಯಿರಿ. ಮಾಪಕ ಯಂತ್ರಕ್ಕೆ ಹಣ ಹಾಕಬೇಕಿಲ್ಲ.

ಬ್ಯಾಲಿಂಡೆರಿಯದ್ದು ಯೂ ಎಂದು ನೀವೂ ಯೂ ಹುಡುಕಲು ಹೋಗಬೇಡಿ. ಆ ಗಿಡದ ಹೆಚ್ಚುಕಡಿಮೆ ಎಲ್ಲ ಭಾಗವೂ ವಿಷ, ಅದರ ಧೂಳು ಒಳಗೆ ಹೋಗುವುದು ಒಳ್ಳೆಯದಲ್ಲ. ಓಕ್ ಧೂಳೂ ಸಾಧುವಲ್ಲ. ಗಟ್ಟಿಮರದ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ನಮ್ಮ ಕಸುಬಿನಲ್ಲಿ ರುಜುವಾತಾದ ಸಂಗತಿ. ಉಜ್ಜುಕಾಗದ ಬದಿಗಿಟ್ಟು ಹರಿತವಾದ ಕೀಸುಳಿಯಲ್ಲಿ ಮುಗಿಸಿದರೆ ಧೂಳೂ ಕಡಿಮೆ, ಮೇಲ್ಮೈಯೂ ಚೆನ್ನ. ಉಜ್ಜಲೇಬೇಕಾದರೆ ಮುಖಗವಸು ಹಾಕಿಕೊಳ್ಳಿ.

ಅಗಸೆ ಎಣ್ಣೆ ಅಂಟಂಟಾಗಿರುವುದು ದಪ್ಪಗೆ ಬಳಿದದ್ದಕ್ಕೆ. ಅದು ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುವುದು. ಮೇಲೆ ಕೆನೆ ಕಟ್ಟಿದರೆ ಒಳಗಿನದಕ್ಕೆ ಗಾಳಿ ತಲುಪುವುದಿಲ್ಲ. ಟರ್ಪೆಂಟೈನ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಹೋಗದ್ದನ್ನು ಕೆರೆದು ತೆಗೆಯಿರಿ. ಹೊಸ ಮಣೆಗೆ ಎಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟು ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು, ಎರಡೂ ಮುಖಕ್ಕೂ ಅಂಚಿಗೂ ಸಮನಾಗಿ. ಕೆಲವು ವಾರದ ಮೇಲೆ ಜೇನುಮೇಣ. ಹಸಿ ಅಗಸೆ ಎಣ್ಣೆ ನಿಧಾನ. ‘ಕುದಿಸಿದ’ ಎಂದು ಮಾರುವುದರಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಮಕ್ಕಳ ವಸ್ತುವಿಗೆ ನಾನು ಹಸಿಯದನ್ನೇ ಬಳಸುತ್ತೇನೆ. ಇವು ನೀರಿನ ಕಲೆ ತಡೆಯುತ್ತವೆಯೇ ಹೊರತು ಮರ ಉಸಿರಾಡುವುದನ್ನು ನಿಲ್ಲಿಸುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಬೇಕಿಲ್ಲ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕಾಯಿಗಳ ವಿಷಯದಲ್ಲಿ ನೀವು ಅದೃಷ್ಟವಂತರು. ಮರದ ಮಣೆಗಳು ಮಣ್ಣಿನಲ್ಲಿ ಕರಗಿ ಹೋದವು, ಕಾಯಿಗಳು ಉಳಿದವು. ಉಪ್ಸಾಲಾದ ಪಕ್ಕದ ವಾಲ್ಸ್‌ಯಾರ್ಡೆಯ ದೋಣಿ ಸಮಾಧಿಗಳಲ್ಲಿ ಆಟದ ಕಾಯಿಗಳಿದ್ದವು. ವೈಕಿಂಗ್ ಕಾಲಕ್ಕೂ ಹಿಂದಿನ ಅಂಥ ಕಾಯಿಗಳಲ್ಲಿ ಅನೇಕವು ತಿಮಿಂಗಿಲದ ಮೂಳೆಯವು ಎಂದು ಈಚಿನ ಅಧ್ಯಯನಗಳು ತೋರಿಸಿವೆ. ಸ್ವೀಡನ್ನಿನಲ್ಲಿ ವೈಕಿಂಗ್ ಕಾಲದ ಪಟ್ಟಣವಾಗಿದ್ದ ಬಿರ್ಕಾದಲ್ಲಿ ಗಾಜಿನ ಕಾಯಿಗಳೂ ಕೊಂಬಿನ ಕಾಯಿಗಳೂ ಸಿಕ್ಕಿವೆ. ಅಲ್ಲಿ ಆಯುಧ, ಕುದುರೆಗಳೊಂದಿಗೆ ಹೂಳಲಾದ ಒಬ್ಬರ ಜೊತೆ ಕೊಂಬಿನ ಪೂರ್ತಿ ಕಾಯಿಗಳೇ ಇದ್ದವು. ಆ ವ್ಯಕ್ತಿ ಹೆಣ್ಣು ಎಂದು 2017ರಲ್ಲಿ ಡಿಎನ್‌ಎ ಪರೀಕ್ಷೆ ಹೇಳಿದ ಮೇಲೆ ಬಹಳ ಚರ್ಚೆಯಾಯಿತು. ಮಗಳಿಗೆ ಇದನ್ನು ಹೇಳಿ. ರಾಜನ ಕಾಯಿಗೆ ದಂತ ಬೇಕು ಎಂಬ ಭ್ರಮೆಯೂ ಕೆಲವರಲ್ಲಿದೆ. ಅದು ಸ್ಕಾಟ್‌ಲೆಂಡಿನ ಲೂಯಿಸ್ ದ್ವೀಪದಲ್ಲಿ ಸಿಕ್ಕ ವಾಲ್ರಸ್ ದಂತದ ಪ್ರಸಿದ್ಧ ಕಾಯಿಗಳಿಂದ ಬಂದದ್ದು. ಅವು 12ನೆಯ ಶತಮಾನದ ಚದುರಂಗದ ಕಾಯಿಗಳು, ಈ ಆಟದವಲ್ಲ.

ಮೂಸ್ ಕೊಂಬು ಒಳ್ಳೆಯ ಆಯ್ಕೆಯೇ, ಅಲ್ಲಿನ ಹಳೆಯ ಬಾಚಣಿಗೆ ಕೆಲಸಗಾರರೂ ಅದನ್ನು ಬಳಸುತ್ತಿದ್ದರು. ಹೊರಗಿನ ಗಟ್ಟಿ ಪದರ ಮಾತ್ರ ಕೆಲಸಕ್ಕೆ ಬರುತ್ತದೆ, ಒಳಗೆ ಸ್ಪಂಜಿನಂತೆ ರಂಧ್ರಮಯ. ಕೆಲವು ದಿನ ನೀರಿನಲ್ಲಿ ನೆನೆಸಿ ಒದ್ದೆಯಾಗಿಯೇ ಕತ್ತರಿಸಿದರೆ ಉಳಿ ಸಲೀಸಾಗಿ ಹೋಗುತ್ತದೆ, ಶ್ವಾಸಕೋಶಕ್ಕೆ ಕೆಡುಕಾದ ಧೂಳೂ ಏಳುವುದಿಲ್ಲ. ವಾಸನೆಗೆ ಮಾತ್ರ ಮನೆಯವರ ಒಪ್ಪಿಗೆ ಬೇಕು. ಎರಡು ಬಣ್ಣ ಹೇಗೆ? 16 ದಾಳಿಕಾರರನ್ನು ಓಕ್‌ನಲ್ಲಿ ಮಾಡಿ, ತುಕ್ಕಿನ ಮೊಳೆಗಳನ್ನು ವಿನೆಗರಿನಲ್ಲಿ ಕೆಲವು ದಿನ ನೆನೆಸಿದ ನೀರನ್ನು ಬಳಿಯಿರಿ. ಓಕ್‌ನಲ್ಲಿರುವ ಒಗರಿನ ಅಂಶವಾದ ಟ್ಯಾನಿನ್ ಜೊತೆ ಕಬ್ಬಿಣ ಸೇರಿ ನಿಮಿಷಗಳಲ್ಲಿ ಕಪ್ಪಾಗುತ್ತದೆ. ಕಲಂಕಾರಿ ಬಟ್ಟೆಯ ಕಪ್ಪಿಗೆ ನಮ್ಮವರು ಅಳಲೆಕಾಯಿ ಮತ್ತು ಕಬ್ಬಿಣವನ್ನು ಸೇರಿಸುವುದೂ ಇದೇ ರಸಾಯನ. ಬರ್ಚ್‌ನಲ್ಲಿ ಟ್ಯಾನಿನ್ ಸಾಲದು, ಮೊದಲು ಕಡು ಚಹಾದ ಕಷಾಯ ಬಳಿಯಬೇಕು.

ಇನ್ನು ಉಡುಪಿ. ಇಲ್ಲಿ ನಾನು ನಿಮ್ಮ ಉತ್ಸಾಹಕ್ಕೆ ಸ್ವಲ್ಪ ಅಡ್ಡ ಬರುತ್ತೇನೆ. ಜೂನ್‌ನ ಕರಾವಳಿಯ ಗಾಳಿಯಲ್ಲಿ ಮರದ ತೇವ ಶೇಕಡಾ 17–18ಕ್ಕೆ ಏರುತ್ತದೆ. ಉಪ್ಸಾಲಾದಲ್ಲಿ ಶೇಕಡಾ 6ಕ್ಕೆ ಒಣಗಿಸಿ ಮಾಡಿದ ಮಣೆ ಅಲ್ಲಿ ನೆಲೆಸುವಷ್ಟರಲ್ಲಿ, ಒಳ್ಳೆಯ ಸೀಳು ಓಕ್ ಆದರೂ, ಸುಮಾರು 5 ಮಿಲಿಮೀಟರ್ ಅಗಲವಾಗುತ್ತದೆ. ಕಟ್ಟಿಲ್ಲದ ತೂತಿನ ಮಣೆ ಇದನ್ನು ತಡೆದುಕೊಳ್ಳುತ್ತದೆ. ಚೌಕಟ್ಟಿನ ಮಣೆ ಚೌಕಟ್ಟನ್ನೇ ಒಡೆಯುತ್ತದೆ. ಬೂಷ್ಟು ಹಿಡಿಯುವ ಅಪಾಯ ಎರಡಕ್ಕೂ ಇದೆ, ಅದರಲ್ಲೂ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಸಾಂಪ್ರದಾಯಿಕ ಅಂಟು ಬಳಸಿದ್ದರೆ. ಆ ಅಂಟು ಒಣ ಸ್ವೀಡನ್ನಿಗೆ ಚೆನ್ನ, ತೇವದಲ್ಲಿ ಮೆತ್ತಗಾಗಿ ಬಿಡುತ್ತದೆ.

ಕೊಂಬಿನ ಕಾಯಿಗಳನ್ನು ಊರಿಗೆ ತರಲೇಬೇಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಚುಕ್ಕೆಜಿಂಕೆ, ಕಡವೆಗಳ ಕೊಂಬನ್ನು, ತಾನಾಗಿ ಉದುರಿದ್ದನ್ನೂ ಸಹ, ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಕೆತ್ತಿದ ಒಂದು ಚೂರು ಮೂಸ್‌ನದೋ ಕಡವೆಯದೋ ಎಂದು ವಿಮಾನ ನಿಲ್ದಾಣದ ಅಧಿಕಾರಿಗೆ ರುಜುವಾತು ಮಾಡುವ ಹೊಣೆ ನಿಮ್ಮ ಮೇಲೆ ಬಿದ್ದರೆ ರಜೆಯ ಮೊದಲ ದಿನವೇ ಹಾಳು. ತೊಗಟೆಯಿರುವ ಕಚ್ಚಾ ಮರವೂ ಬೇಡ.

ನನ್ನನ್ನು ಕೇಳಿದರೆ, ಅಪ್ಪ ಅಮ್ಮನ ಮಣೆಯನ್ನು ಊರಿಗೆ ಬಂದ ಮೇಲೆ ಇಲ್ಲಿಯೇ ಮಾಡಿ. ತೂತುಗಳ ಗುರುತಿರುವ ಕಾಗದದ ಅಚ್ಚು, 6 ಮಿಲಿಮೀಟರ್ ಬೈರಿಗೆಯ ಮೊನೆ, ಬರ್ಚ್‌ನಲ್ಲಿ ಮಾಡಿದ 25 ಕಾಯಿಗಳು, ಇಷ್ಟು ಪೆಟ್ಟಿಗೆಯಲ್ಲಿರಲಿ. ಊರಿನ ಆಚಾರಿಯವರ ಬಳಿ ಹಳೆಯ ಮನೆ ಬಿಚ್ಚಿದಾಗ ಉಳಿದ ಹಲಸು ಅಥವಾ ತೇಗದ ತುಂಡು ಇದ್ದೇ ಇರುತ್ತದೆ. ದಶಕಗಟ್ಟಲೆ ಆ ಗಾಳಿಯಲ್ಲೇ ಒಣಗಿದ ಮರಕ್ಕಿಂತ ಒಳ್ಳೆಯದು ಸಿಗದು. ಉಂಗುರಗಳು ಲಂಬವಾಗಿರುವ ತುಂಡನ್ನು ಕೇಳಿ ಪಡೆಯಿರಿ. ಮಳೆಗಾಲದಲ್ಲಿ ಮಾಡಿದ ಮಣೆ ಮಾರ್ಚ್ ಹೊತ್ತಿಗೆ ಸ್ವಲ್ಪ ಕುಗ್ಗುತ್ತದೆ, ಚೌಕಟ್ಟು ಪಟ್ಟಿ ಇಲ್ಲದಿದ್ದರೆ ಚಿಂತೆಯಿಲ್ಲ. ಎಣ್ಣೆಯನ್ನು ಮಾತ್ರ ಆ ತೇವದಲ್ಲಿ ಹಚ್ಚಬೇಡಿ, ಒಣಗದೆ ಬೂಷ್ಟು ಹಿಡಿಯುತ್ತದೆ. ಕೀಸಿ ನುಣುಪು ಮಾಡಿ ಹಾಗೇ ಬಿಟ್ಟು ಬನ್ನಿ, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಅಪ್ಪ ಒಂದು ಕೈ ಜೇನುಮೇಣ ಉಜ್ಜಲಿ. ಮನೆಗೆ ಬರುವ ನೆಂಟರಲ್ಲಿ ಮೂರು ವರ್ಷದೊಳಗಿನ ಮಕ್ಕಳಿದ್ದರೆ ಕಾಯಿಗಳ ಡಬ್ಬಿಯನ್ನು ಅಟ್ಟದ ಮೇಲಿಡಲು ಹೇಳಿ, ಆ ಗಾತ್ರದವು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.